ಅರ್ಜಿಯನ್ನು ಕೊನೆಯ ಪುಟದಿಂದ ಓದಿ: ಯುರೇನಿಯಂ ಗಣಿಗಳಿಗೆ ಪರವಾನಗಿ ಕೊಡುವವರಿಗೊಂದು ಬಹಿರಂಗ ಪತ್ರ

ಯುರೇನಿಯಂ ಗಣಿ ಮತ್ತು ಅದಿರು ಸಂಸ್ಕರಣಾ ಘಟಕಗಳಿಗೆ ಅನುಮತಿ ಕೊಡುವ, ಅವುಗಳ ಮೇಲೆ ಕಣ್ಣಿಡುವ ನಿಯಂತ್ರಣ ಮಂಡಳಿಗಳ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಮಾನ್ಯರೇ,

ನೀವು ಯಾವ ದೇಶದವರೇ ಆಗಿರಿ, ನಿಮ್ಮ ಮೇಜಿಗೆ ಬರುವ ಅರ್ಜಿಯ ಚಹರೆ ಹೆಚ್ಚುಕಡಿಮೆ ಒಂದೇ. ಅದಿರು ಎಷ್ಟು ಆಳದಲ್ಲಿದೆ, ಎಷ್ಟು ವರ್ಷ ಸಿಗುತ್ತದೆ, ದಿನಕ್ಕೆ ಎಷ್ಟು ಟನ್ ಅರೆಯಬಹುದು, ಎಷ್ಟು ಜನಕ್ಕೆ ಕೆಲಸ, ಎಷ್ಟು ವಿದ್ಯುತ್ತಿಗೆ ಇಂಧನ ಎಂಬುದೆಲ್ಲ ಮೊದಲ ಸಂಪುಟಗಳಲ್ಲಿ ವಿವರವಾಗಿ ಇರುತ್ತದೆ. ಗಣಿ ಮುಚ್ಚಿದ ಮೇಲೆ ಏನು ಎಂಬುದು ಕೊನೆಯ ಅಧ್ಯಾಯ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಬರೆದವರಿಗೂ ದಣಿವಾಗಿರುತ್ತದೆ, ಓದುವವರಿಗೂ ದಣಿವಾಗಿರುತ್ತದೆ. ನನ್ನ ಕೋರಿಕೆ ಒಂದೇ. ಅರ್ಜಿಯನ್ನು ಆ ಕೊನೆಯ ಅಧ್ಯಾಯದಿಂದ ಓದಲು ಶುರುಮಾಡಿ. ಅಲ್ಲಿ ತೃಪ್ತಿಯಾಗದಿದ್ದರೆ ಮುಂದಿನ ಪುಟಗಳನ್ನು ತೆರೆಯಲೇಬೇಡಿ.

ಅಣುಶಕ್ತಿ ಬೇಕೇ ಬೇಡವೇ ಎಂಬ ಜಗಳವನ್ನು ಈ ಪತ್ರದಲ್ಲಿ ಎತ್ತುವುದಿಲ್ಲ. ಯುರೇನಿಯಂ ತೆಗೆಯುತ್ತಿದ್ದಾರೆ, ಇನ್ನೂ ತೆಗೆಯುತ್ತಾರೆ ಎಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಹಾಗೆ ಇಟ್ಟುಕೊಂಡಾಗಲೇ ನಿಮ್ಮ ಕೆಲಸದ ತೂಕ ಹೆಚ್ಚು.

ಮೊದಲು ಲೆಕ್ಕ ನೋಡೋಣ. ಕೆನಡಾದ ಸಿಗಾರ್ ಲೇಕ್‌ನಂಥ ಒಂದೆರಡು ಕಡೆ ಶೇ 10ನ್ನೂ ಮೀರಿದ ದರ್ಜೆಯ ಅದಿರು ಸಿಕ್ಕಿದೆ. ಅದು ಅಪರೂಪ. ಮಿಕ್ಕ ಹೆಚ್ಚಿನ ಗಣಿಗಳಲ್ಲಿ ಸಾವಿರದಲ್ಲಿ ಒಂದು ಪಾಲು, ಕೆಲವೆಡೆ ಅದರಲ್ಲೂ ಅರ್ಧ. ಶೇ 0.1ರ ಅದಿರಾದರೆ ಒಂದು ಟನ್ ಕಲ್ಲಿಗೆ ಒಂದು ಕಿಲೋ ಯುರೇನಿಯಂ. ಕಲ್ಲನ್ನು ಒಡೆದು, ಹಿಟ್ಟಿನಷ್ಟು ನುಣ್ಣಗೆ ಅರೆದು, ಗಂಧಕಾಮ್ಲದಲ್ಲಿ ಕದಡುತ್ತಾರೆ. ಅದಿರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಆಮ್ಲದ ಬದಲು ಸೋಡಿಯಂ ಕಾರ್ಬೊನೇಟಿನ ಕ್ಷಾರ ಬಳಸುತ್ತಾರೆ. ಕರಗಿ ಬಂದ ಯುರೇನಿಯಂ ಅನ್ನು ಬೇರ್ಪಡಿಸಿ, ಗಟ್ಟಿಗೊಳಿಸಿ, ಒಣಗಿಸಿದರೆ 'ಯೆಲ್ಲೋಕೇಕ್' ಎಂಬ ಪುಡಿ. ಅದು ಡ್ರಮ್ಮಿನಲ್ಲಿ ತುಂಬಿಕೊಂಡು ಊರು ಬಿಡುತ್ತದೆ. ಹೋದದ್ದು ಒಂದು ಕಿಲೋ. ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಒಂದು ಟನ್, ಜೊತೆಗೆ ಹಾಕಿದ ನೀರು, ಹಾಕಿದ ರಾಸಾಯನಿಕ. ಗಣಿಯವರು ಇದನ್ನು ಟೇಲಿಂಗ್ಸ್ ಎನ್ನುತ್ತಾರೆ. ಸೋಸಿದ ಮೇಲೆ ಉಳಿಯುವುದಕ್ಕೆ ನಮ್ಮಲ್ಲಿ ಒಳ್ಳೆಯ ಮಾತೊಂದಿದೆ, ಚರಟ. ನಾನು ಅದನ್ನೇ ಬಳಸುತ್ತೇನೆ.

ಈ ಚರಟದ ಸ್ವಭಾವವೇ ನಿಮ್ಮ ಕಾನೂನಿನ ಬುಡದಲ್ಲಿರಬೇಕಾದ ವಿಷಯ. ಯುರೇನಿಯಂ-238 ಒಂಟಿಯಾಗಿ ಇರುವ ಧಾತುವಲ್ಲ. ಅದು ಕೋಟ್ಯಂತರ ವರ್ಷಗಳಿಂದ ಕಲ್ಲಿನೊಳಗೆ ಕ್ಷಯಿಸುತ್ತಾ ದೊಡ್ಡ ಸಂಸಾರವನ್ನೇ ಬೆಳೆಸಿಕೊಂಡಿದೆ: ಥೋರಿಯಂ, ರೇಡಿಯಂ, ರೇಡಾನ್, ಪೊಲೋನಿಯಂ, ಸೀಸ. ಸಂಸ್ಕರಣಾ ಘಟಕಕ್ಕೆ ಬೇಕಾದದ್ದು ಯಜಮಾನ ಮಾತ್ರ. ಅವನನ್ನು ಕರೆದೊಯ್ದು ಮಕ್ಕಳು ಮೊಮ್ಮಕ್ಕಳನ್ನು ಅಲ್ಲೇ ಬಿಡುತ್ತಾರೆ. ಹಾಗಾಗಿ ಅದಿರಿನಲ್ಲಿದ್ದ ವಿಕಿರಣಶೀಲತೆಯಲ್ಲಿ ಸುಮಾರು ಶೇ 85 ಚರಟದಲ್ಲೇ ಉಳಿಯುತ್ತದೆ. ಅಲ್ಪಾಯುಷಿಗಳಾದ ಒಂದೆರಡು ಧಾತುಗಳು ಕೆಲವು ತಿಂಗಳಲ್ಲಿ ಸತ್ತು ಅದು ಶೇ 70ರ ಆಸುಪಾಸಿಗೆ ಇಳಿಯುತ್ತದೆ. ಆಮೇಲಿನ ಇಳಿಕೆಯನ್ನು ನಡೆಸುವುದು ಥೋರಿಯಂ-230. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, ಸುಮಾರು 75,000 ವರ್ಷ. ಅದರಿಂದ ಹುಟ್ಟುವ ರೇಡಿಯಂ-226ರ ಅರ್ಧಾಯುಷ್ಯ 1,600 ವರ್ಷ. ಅದರ ಮಗು ರೇಡಾನ್ ಅನಿಲ, ಅರ್ಧಾಯುಷ್ಯ 3.8 ದಿನ. ಗಟ್ಟಿ ಬಂಡೆಯೊಳಗಿದ್ದಾಗ ಈ ಅನಿಲದ ಬಹುಪಾಲು ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತಿತ್ತು. ಬಂಡೆಯನ್ನು ಹಿಟ್ಟು ಮಾಡಿ ಬಯಲಿನಲ್ಲಿ ಸುರಿದ ಮೇಲೆ ಅದಕ್ಕೆ ಬಾಗಿಲು ತೆರೆದ ಹಾಗಾಯಿತು.

ವಿಕಿರಣ ಎಂದ ತಕ್ಷಣ ಎಲ್ಲರ ಗಮನ ಅತ್ತ ಹೋಗಿ ಇನ್ನೊಂದು ವಿಷಯ ಮರೆಯಾಗುತ್ತದೆ. ಚರಟದಲ್ಲಿ ಅದಿರಿನ ಜೊತೆಗೇ ಬಂದ ಆರ್ಸೆನಿಕ್, ಸೆಲೆನಿಯಂ, ಮಾಲಿಬ್ಡಿನಂ, ಮ್ಯಾಂಗನೀಸ್ ಇರಬಹುದು, ಸಲ್ಫೇಟ್ ಅಂತೂ ಇದ್ದೇ ಇರುತ್ತದೆ. ಕಬ್ಬಿಣ ಗಂಧಕ ಸೇರಿದ ಪೈರೈಟ್ ಎಂಬ ಖನಿಜ ಇದ್ದರೆ ಗಾಳಿ ನೀರು ತಾಕಿದಲ್ಲೆಲ್ಲ ಅದು ತಾನೇ ಆಮ್ಲ ತಯಾರಿಸುತ್ತದೆ. ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ವಿಕಿರಣದ ಕಾರಣಕ್ಕಲ್ಲ, ಮೂತ್ರಪಿಂಡಕ್ಕೆ ತಗಲುವ ರಾಸಾಯನಿಕ ವಿಷದ ಕಾರಣಕ್ಕೆ. ಅಣುಶಕ್ತಿಯ ನಿಯಂತ್ರಕರು ವಿಕಿರಣ ನೋಡಿಕೊಳ್ಳುತ್ತೇವೆ ಎನ್ನುತ್ತಾರೆ, ಮಾಲಿನ್ಯ ನಿಯಂತ್ರಕರು ಅದು ಅಣು ಇಲಾಖೆಗೆ ಸೇರಿದ್ದು ಎನ್ನುತ್ತಾರೆ. ಇಬ್ಬರ ನಡುವಿನ ಸಂದಿಯಲ್ಲಿ ಆರ್ಸೆನಿಕ್ ಹರಿದುಹೋಗುತ್ತದೆ.

ಸಂದಿಯ ಮಾತು ಬಂದದ್ದರಿಂದ ಅಮೆರಿಕದ ಗ್ರ್ಯಾಂಡ್ ಜಂಕ್ಷನ್ ಊರಿನ ಕತೆ ಹೇಳಲೇಬೇಕು. ನನ್ನ ಮಟ್ಟಿಗೆ ನಿಯಂತ್ರಣದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ. ಅಲ್ಲಿನ ಘಟಕದ ಚರಟ ನೋಡಲು ನುಣ್ಣನೆಯ ಮರಳು. ಪುಕ್ಕಟೆ ಬೇರೆ. 1950 ಮತ್ತು 60ರ ದಶಕದಲ್ಲಿ ಜನ ಅದನ್ನು ಲಾರಿಗಳಲ್ಲಿ ಹೇರಿಕೊಂಡು ಹೋಗಿ ಮನೆಯ ಬುನಾದಿಗೆ, ಕಾಂಕ್ರೀಟಿಗೆ, ಶಾಲೆಯ ಕಟ್ಟಡಕ್ಕೆ, ತೋಟಕ್ಕೆ ಹಾಕಿದರು. ಕದ್ದು ಒಯ್ಯಲಿಲ್ಲ. ತಡೆಯುವವರೇ ಇರಲಿಲ್ಲ. ಯಾಕೆಂದರೆ ಅಮೆರಿಕದ ಅಣುಶಕ್ತಿ ಆಯೋಗದ ಅಧಿಕಾರ ನಡೆಯುತ್ತಿದ್ದದ್ದು ತೂಕದಲ್ಲಿ ಶೇ 0.05ಕ್ಕಿಂತ ಹೆಚ್ಚು ಯುರೇನಿಯಂ ಇರುವ ವಸ್ತುವಿನ ಮೇಲೆ. ಚರಟದಲ್ಲಿ ಯುರೇನಿಯಂ ಎಲ್ಲಿಂದ ಬರಬೇಕು? ಅದನ್ನು ತೆಗೆದದ್ದಕ್ಕೇ ಅದು ಚರಟ. ಹೀಗೆ ಯುರೇನಿಯಂ ಎಷ್ಟಿದೆ ಎಂದು ಅಳೆದ ಕಾನೂನಿನ ಕಣ್ಣಿಗೆ ರೇಡಿಯಂ ಬೀಳಲೇ ಇಲ್ಲ. ಘಟಕ ಎಷ್ಟು ಚೆನ್ನಾಗಿ ಕೆಲಸ ಮಾಡಿ ಯುರೇನಿಯಂ ಹಿಂಡಿತೋ ಅದರ ಚರಟ ಅಷ್ಟರಮಟ್ಟಿಗೆ ಕಾನೂನಿನಿಂದ ಪಾರಾಯಿತು! ಮನೆಗಳೊಳಗೆ ರೇಡಾನ್ ಸೇರಿಕೊಂಡಿದ್ದು ಬೆಳಕಿಗೆ ಬಂದು, ಚರಟವನ್ನು ಕಾನೂನಿನ ವ್ಯಾಪ್ತಿಗೆ ತರುವ ಕಾಯ್ದೆ ಆದದ್ದು 1978ರಲ್ಲಿ. ಆ ಊರಿನಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಜಾಗಗಳನ್ನು ಅಗೆದು ಬಗೆದು ಶುದ್ಧ ಮಾಡಬೇಕಾಯಿತು.

ನಿಮ್ಮ ಕಾನೂನಿನ ವ್ಯಾಖ್ಯೆಗಳ ಪುಟವನ್ನು ಒಮ್ಮೆ ತೆಗೆದು ನೋಡಿ. ಚರಟ ಅಲ್ಲಿ ಯಾವ ಹೆಸರಿನಲ್ಲಿದೆ? ವಿಕಿರಣಶೀಲ ತ್ಯಾಜ್ಯವೇ, ಬರೀ ಗಣಿ ತ್ಯಾಜ್ಯವೇ, ಅಥವಾ ಮುಂದೆಂದೋ ಉಪಯೋಗಕ್ಕೆ ಬರಬಹುದಾದ 'ಸಂಪನ್ಮೂಲ'ವೇ? ಸಂಪನ್ಮೂಲ ಎಂಬ ಮಾತು ಕಂಡರೆ ಎಚ್ಚರ. ಅದು ಚರಟವನ್ನು ತ್ಯಾಜ್ಯದ ನಿಯಮಗಳಿಂದ ಸದ್ದಿಲ್ಲದೆ ಹೊರಗಿಡುವ ಬಗೆ ಇರಬಹುದು. ಗಣಿಯ ಕಲ್ಲುರಾಶಿಯ ಗತಿಯೂ ಇದೇ. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ನೆಲದಲ್ಲಿ ಇಂದಿಗೂ ಐನೂರಕ್ಕೂ ಹೆಚ್ಚು ತ್ಯಜಿಸಿದ ಯುರೇನಿಯಂ ಗಣಿಗಳಿವೆ; ಅವುಗಳ ಕಲ್ಲಿನಿಂದ ಕಟ್ಟಿದ ಮನೆಗಳಲ್ಲಿ ಜನ ಬಾಳಿದ್ದಾರೆ. 2005ರಲ್ಲಿ ಅವರ ಸರ್ಕಾರ ತನ್ನ ನೆಲದಲ್ಲಿ ಯುರೇನಿಯಂ ಗಣಿಗಾರಿಕೆಯನ್ನೇ ನಿಷೇಧಿಸಿತು. ಅದನ್ನು ಭಾವುಕತೆ ಎಂದು ತಳ್ಳಿಹಾಕಬೇಡಿ. ನಾಲ್ಕು ದಶಕ ಗಣಿ ನೋಡಿದವರ ತೀರ್ಮಾನ ಅದು.

ಇನ್ನು ಚರಟದ ಕೆಸರನ್ನು ತಡೆದಿಡುವ ಒಡ್ಡಿನ ವಿಷಯ. 1979ರ ಜುಲೈ 16ರ ಬೆಳಗಿನ ಜಾವ ನ್ಯೂ ಮೆಕ್ಸಿಕೊದ ಚರ್ಚ್ ರಾಕ್‌ನಲ್ಲಿ ಚರಟದ ಕೊಳದ ಮಣ್ಣಿನ ಒಡ್ಡು ಬಾಯಿಬಿಟ್ಟಿತು. ಸುಮಾರು 35 ಕೋಟಿ ಲೀಟರ್ ಆಮ್ಲದ ನೀರು, 1,100 ಟನ್ ಚರಟ ಪುಯೆರ್ಕೊ ನದಿಗೆ ನುಗ್ಗಿತು. ನದಿಯುದ್ದಕ್ಕೂ ಕುರಿ ದನ ಮೇಯಿಸಿಕೊಂಡು ನವಾಹೊ ಜನ ಇದ್ದರು. ಅದೇ ವರ್ಷ ಮಾರ್ಚ್‌ನಲ್ಲಿ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದ ಅವಘಡ ನಡೆದಿತ್ತು. ಅಲ್ಲಿಂದ ಹೊರಬಿದ್ದದ್ದಕ್ಕಿಂತ ಹೆಚ್ಚು ವಿಕಿರಣಶೀಲತೆ ಇಲ್ಲಿ ಹೊರಬಿತ್ತು ಎಂದು ಲೆಕ್ಕ ಹಾಕಿದ್ದಾರೆ. ತ್ರೀ ಮೈಲ್ ಐಲೆಂಡ್ ಹೆಸರು ಜಗತ್ತಿಗೆಲ್ಲ ಗೊತ್ತು. ಚರ್ಚ್ ರಾಕ್ ಹೆಸರನ್ನು ಈ ಪತ್ರ ಓದುವವರಲ್ಲಿ ಎಷ್ಟು ಜನ ಕೇಳಿದ್ದೀರಿ?

ಆ ಒಡ್ಡಿನಲ್ಲಿ ಬಿರುಕುಗಳು ಮೊದಲೇ ಕಂಡಿದ್ದವು. ಅಡಿಯ ಮಣ್ಣು ಕುಸಿಯುವ ಜಾತಿಯದು ಎಂಬುದೂ ಗೊತ್ತಿತ್ತು. ಒಡ್ಡಿಗೂ ನೀರಿಗೂ ನಡುವೆ ಚರಟದ ಮರಳು ದಂಡೆಯಂತೆ ಹರಡಿಕೊಂಡು ನೀರನ್ನು ದೂರ ಇಡಬೇಕು. ಅಲ್ಲಿ ನೀರು ನೇರವಾಗಿ ಒಡ್ಡಿಗೇ ತಾಗಿಕೊಂಡಿತ್ತು. ಇದರಲ್ಲಿ ಅಣುವಿಜ್ಞಾನ ಏನೂ ಇಲ್ಲ, ಕೆರೆ ಏರಿ ಕಾಯುವವನಿಗೂ ತಿಳಿಯುವ ವಿಷಯ. ಬಿರುಕು ಕಂಡ ದಿನ ಕೊಳಕ್ಕೆ ಚರಟ ಬಿಡುವುದನ್ನು ನಿಲ್ಲಿಸಿ ಎಂದು ಹೇಳುವ ಅಧಿಕಾರ ಒಬ್ಬ ಇನ್‌ಸ್ಪೆಕ್ಟರನ ಕೈಯಲ್ಲಿ ಇರಬೇಕಿತ್ತು, ಆ ಅಧಿಕಾರ ಬಳಸುವ ಎದೆಯೂ ಅವನಿಗೆ ಇರಬೇಕಿತ್ತು. ಒಡ್ಡು ಒಡೆದು ನಾಲ್ಕು ತಿಂಗಳು ತುಂಬುವುದರೊಳಗೆ ಘಟಕ ಮತ್ತೆ ಅರೆಯತೊಡಗಿತು.

ನಿಮ್ಮ ಇನ್‌ಸ್ಪೆಕ್ಟರುಗಳಲ್ಲಿ ಎಷ್ಟು ಜನ ಮಣ್ಣಿನ ಒಡ್ಡು ಬಲ್ಲ ಎಂಜಿನಿಯರುಗಳು? ಸಾಮಾನ್ಯವಾಗಿ ಈ ಮಂಡಳಿಗಳಲ್ಲಿ ಭೌತವಿಜ್ಞಾನಿಗಳು ತುಂಬಿರುತ್ತಾರೆ. ರಿಯಾಕ್ಟರಿಗೆ ಅದು ಸರಿ. ಆದರೆ ಯುರೇನಿಯಂ ಗಣಿಗಾರಿಕೆಯಲ್ಲಿ ಒಂದೇ ಹೊಡೆತಕ್ಕೆ ನದಿಯನ್ನು ಕೆಡಿಸಬಲ್ಲ ವಸ್ತು ಎಂದರೆ ಮಣ್ಣಿನ ಒಡ್ಡು ಮತ್ತು ಅದರವರೆಗೆ ಕೆಸರು ಒಯ್ಯುವ ಪೈಪು. ಪೈಪಿನ ಮಾತೂ ಚಿಕ್ಕದಲ್ಲ. ಜಾರ್ಖಂಡದ ಜಾದೂಗುಡದಲ್ಲಿ 2006ರ ಡಿಸೆಂಬರಿನಲ್ಲಿ ಚರಟದ ಪೈಪು ಒಡೆದು ಕೆಸರು ಹಳ್ಳಕ್ಕೆ ಹರಿಯಿತು. ಸುದ್ದಿ ಮುಟ್ಟಿಸಿದವರು ಹಳ್ಳಿಯವರೇ ಎಂದು ಅಲ್ಲಿನ ಜನರ ಸಂಘಟನೆ ಹೇಳಿತು. ಪೈಪಿನಲ್ಲಿ ಒತ್ತಡ ಬಿದ್ದ ಕೂಡಲೇ ಪಂಪು ತಾನಾಗಿಯೇ ನಿಲ್ಲುವಂತೆ ಮಾಡುವುದು ಎಣ್ಣೆ ಕೊಳವೆಗಳಲ್ಲಿ ಹಳೇ ವಿದ್ಯೆ. ಚರಟದ ಪೈಪಿಗೂ ಅದು ಕಡ್ಡಾಯವಾಗಲಿ. ಅದಕ್ಕೆ ಹೊಸ ಸಂಶೋಧನೆ ಏನೂ ಬೇಕಿಲ್ಲ.

ಗಣಿಯೊಳಗೆ ಇಳಿಯುವವರ ಬಗ್ಗೆ ನಾನು ಹೇಳಬೇಕಾದದ್ದು ಸ್ವಲ್ಪ ಕಹಿಯಾಗಿದೆ. ಜರ್ಮನಿಯ ಶ್ನೇಬರ್ಗ್ ಗಣಿಗಳ ಕೆಲಸಗಾರರು ಶ್ವಾಸಕೋಶದ ಗಡ್ಡೆಯಿಂದ ಸಾಯುತ್ತಿದ್ದಾರೆ ಎಂದು ಇಬ್ಬರು ವೈದ್ಯರು ಬರೆದದ್ದು 1879ರಲ್ಲಿ. ಆಗ ವಿಕಿರಣಶೀಲತೆ ಎಂಬ ಮಾತೇ ಹುಟ್ಟಿರಲಿಲ್ಲ. ಮುಂದೆ ಕಾರಣ ತಿಳಿಯಿತು: ರೇಡಾನ್ ಅನಿಲಕ್ಕಿಂತ ಅದರಿಂದ ಹುಟ್ಟುವ ಘನ ಕಣಗಳು ಅಪಾಯಕಾರಿ. ಅವು ಧೂಳಿಗೆ ಅಂಟಿಕೊಂಡು ಉಸಿರಿನ ಜೊತೆ ಒಳಹೋಗಿ ಅಲ್ಲೇ ಕೂರುತ್ತವೆ. ಮದ್ದೂ ತಿಳಿದಿತ್ತು. ಫ್ಯಾನು! ಸುರಂಗದಲ್ಲಿ ಗಾಳಿ ಸರಿಯಾಗಿ ಓಡಾಡಿದರೆ ಈ ಕಣಗಳು ಒಟ್ಟುಗೂಡುವ ಮೊದಲೇ ಹೊರಹೋಗುತ್ತವೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ 1950ರಿಂದ ಯುರೇನಿಯಂ ಗಣಿ ಕೆಲಸಗಾರರ ಅಧ್ಯಯನ ನಡೆಸಿತು. ಎಕ್ಸ್‌ರೇ ತೆಗೆದರು, ರಕ್ತ ಪಡೆದರು, ಗಾಳಿ ಅಳೆದರು. ಯಾಕೆ ಅಳೆಯುತ್ತಿದ್ದೇವೆ ಎಂಬುದನ್ನು ಕೆಲಸಗಾರರಿಗೆ ಮಾತ್ರ ಹೇಳಲಿಲ್ಲ. ಗಣಿಯವರ ಸಹಕಾರ ಸಿಗಬೇಕಲ್ಲ, ಅದಕ್ಕೆ. ಕಾರ್ಮಿಕ ಇಲಾಖೆಯ ಕಾರ್ಯದರ್ಶಿ ವಿಲಾರ್ಡ್ ವಿರ್ಟ್ಸ್ ಪಟ್ಟು ಹಿಡಿದು ರೇಡಾನ್ ಮಿತಿ ಹೊರಡಿಸಿದ್ದು 1967ರಲ್ಲಿ. ನಡುವಿನ ಆ ಹದಿನೇಳು ವರ್ಷಗಳ ಗಾಳಿ ಕುಡಿದವರಿಗೆ ಪರಿಹಾರದ ಕಾಯ್ದೆ ಬಂದದ್ದು 1990ರಲ್ಲಿ. ಸಂಸ್ಕರಣಾ ಘಟಕದವರನ್ನು, ಅದಿರು ಸಾಗಿಸಿದವರನ್ನು ಅದರಲ್ಲಿ ಸೇರಿಸಲು ಇನ್ನೂ ಹತ್ತು ವರ್ಷ ಹಿಡಿಯಿತು.

ಕೆನಡಾದ ಎಲಿಯಟ್ ಲೇಕ್‌ನಲ್ಲಿ ಕೆಲಸಗಾರರಿಗೆ ತಮ್ಮ ಶ್ವಾಸಕೋಶದ ಸುದ್ದಿ ತಿಳಿದ ಬಗೆ ಕೇಳಿ. ಅವರ ಸಾವಿನ ಲೆಕ್ಕವನ್ನು ಸರ್ಕಾರದವರು ಫ್ರಾನ್ಸ್‌ನ ಒಂದು ಸಮ್ಮೇಳನದಲ್ಲಿ ಪ್ರಬಂಧವಾಗಿ ಮಂಡಿಸಿದ್ದರು. ಅದು ಸುತ್ತಿ ಬಳಸಿ ಕಾರ್ಮಿಕ ಸಂಘದ ಕಿವಿಗೆ ಬಿತ್ತು. 1974ರಲ್ಲಿ ಅವರು ಕೆಲಸ ನಿಲ್ಲಿಸಿದರು. ಆ ಮುಷ್ಕರದ ಫಲವಾಗಿ ಜೇಮ್ಸ್ ಹ್ಯಾಮ್ ಆಯೋಗ ಬಂತು, ಆಯೋಗದ ವರದಿಯಿಂದ ಒಂಟಾರಿಯೊದಲ್ಲಿ ಹೊಸ ಕಾಯ್ದೆ ಬಂತು: ಅಪಾಯವನ್ನು ತಿಳಿಯುವ ಹಕ್ಕು, ಸುರಕ್ಷತಾ ಸಮಿತಿಯಲ್ಲಿ ಕೂರುವ ಹಕ್ಕು, ಅಪಾಯದ ಕೆಲಸವನ್ನು ಒಲ್ಲೆ ಎನ್ನುವ ಹಕ್ಕು. ಇವನ್ನು ಯಾವ ಮಂಡಳಿಯೂ ತಾನಾಗಿ ಕೊಟ್ಟದ್ದಲ್ಲ ಎಂಬುದನ್ನು ವಿನಯದಿಂದ ನೆನಪಿಸುತ್ತೇನೆ.

ಇವತ್ತಿನ ಗಣಿಗಳು ಆ ಕಾಲದವಲ್ಲ, ಒಪ್ಪುತ್ತೇನೆ. ಆದರೆ ಒಂದು ಅಂಕಿ ನೋಡಿ. ರೇಡಾನ್ ಕಣಗಳ ಸೇವನೆಯನ್ನು ಅಳೆಯಲು 'ವರ್ಕಿಂಗ್ ಲೆವೆಲ್ ಮಂತ್' ಎಂಬ ಹಳೇ ಮಾನವೊಂದಿದೆ. ಒಂದು ನಿಗದಿತ ಮಟ್ಟದ ಗಾಳಿಯಲ್ಲಿ 170 ಗಂಟೆ ದುಡಿದರೆ ಒಂದು ಮಾನ. ವರ್ಷಕ್ಕೆ 4 ಮೀರಬಾರದು ಎಂದು ಅಮೆರಿಕ 1971ರಲ್ಲೇ ಮಿತಿ ಹಾಕಿತು. ಮೈಗೆ ತಗಲುವ ವಿಕಿರಣವನ್ನು ಮಿಲಿಸೀವರ್ಟಿನಲ್ಲಿ ಅಳೆಯುತ್ತಾರೆ; ಒಂದು ಮಾನಕ್ಕೆ ಸುಮಾರು 5 ಮಿಲಿಸೀವರ್ಟ್ ಎಂಬ ಹಿಂದಿನ ಲೆಕ್ಕದಲ್ಲಿ ನಾಲ್ಕಕ್ಕೆ 20, ಅಂದರೆ ಕೆಲಸಗಾರರಿಗೆ ಈಗ ಹೇಳುವ ವಾರ್ಷಿಕ ಸರಾಸರಿ ಮಿತಿಗೆ ಸರಿಹೊಂದುತ್ತದೆ. ಆದರೆ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2010ರಲ್ಲಿ ರೇಡಾನಿನ ಕ್ಯಾನ್ಸರ್ ಅಪಾಯದ ಅಂದಾಜನ್ನು ಸುಮಾರು ಎರಡು ಪಟ್ಟು ಏರಿಸಿತು. ಮುಂದೆ ಒಂದು ಮಾನಕ್ಕೆ ಸುಮಾರು 10 ಮಿಲಿಸೀವರ್ಟ್ ಎಂದು ಲೆಕ್ಕ ಹಾಕಿತು. ಹಳೆಯ ನಾಲ್ಕು ಈಗ ನಲವತ್ತಕ್ಕೆ ಸಮ. ನಿಮ್ಮ ನಿಯಮಪುಸ್ತಕದಲ್ಲಿ ಯಾವ ಲೆಕ್ಕವಿದೆ? ಕಾಗದದ ಮೇಲಿನ ಅಂಕಿ ಅಲುಗಾಡದೆ ಕೂತಿದ್ದರೆ ಅದು ಕಟ್ಟುನಿಟ್ಟಾಗಿದೆ ಎಂದೇನೂ ಅರ್ಥವಲ್ಲ.

ಇನ್ನೊಂದು. ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜು ಅಳೆಯುವುದು ಹೊರಗಿನಿಂದ ತಾಕುವ ಗಾಮಾ ಕಿರಣವನ್ನು. ಉಸಿರಿನ ಜೊತೆ ಒಳಹೋದ ಕಣವನ್ನು ಅದು ಕಾಣದು. ಗುತ್ತಿಗೆ ಕೆಲಸಗಾರ ಈ ವರ್ಷ ಒಬ್ಬ ಗುತ್ತಿಗೆದಾರನ ಕೈಕೆಳಗೆ, ಮುಂದಿನ ವರ್ಷ ಇನ್ನೊಬ್ಬನ ಕೈಕೆಳಗೆ. ಅವನ ಲೆಕ್ಕದ ಪುಸ್ತಕ ಅವನ ಜೊತೆ ಹೋಗುತ್ತದೆಯೇ? ಕಾಯಂ ನೌಕರನಿಗೂ ಗುತ್ತಿಗೆಯವನಿಗೂ ಒಂದೇ ಪುಸ್ತಕ ಇರಬೇಕು, ಕೆಲಸ ಬಿಟ್ಟ ಮೇಲೂ ಅದನ್ನು ನೀವು ಕಾಪಾಡಬೇಕು, ಅವನು ಕೇಳಿದ ದಿನ ಪ್ರತಿ ಕೈಗೆ ಬರಬೇಕು. ಕ್ಯಾನ್ಸರ್ ಇಪ್ಪತ್ತು ಮೂವತ್ತು ವರ್ಷ ಕಾದು ಬರುವ ರೋಗ. ಆ ಹೊತ್ತಿಗೆ ಗುತ್ತಿಗೆದಾರನ ಕಚೇರಿಯೇ ಇರುವುದಿಲ್ಲ.

ಕಚೇರಿ ಮಾತ್ರವಲ್ಲ, ಕೆಲವು ಕಡೆ ದೇಶಗಳೇ ಇಲ್ಲ. ಕಿರ್ಗಿಸ್ತಾನದ ಮೈಲೂ-ಸೂ ಎಂಬ ಊರಿನ ಸುತ್ತ 1946ರಿಂದ 1968ರವರೆಗೆ ಯುರೇನಿಯಂ ತೆಗೆದರು. ಚರಟದ 23 ಗುಂಡಿಗಳು, ಕಲ್ಲಿನ 13 ರಾಶಿಗಳು ಅಲ್ಲುಳಿದವು. ಗುಡ್ಡ ಜರಿಯುವ, ಭೂಮಿ ನಡುಗುವ ಕಣಿವೆ ಅದು. ಕೆಳಗೆ ಫರ್ಗಾನಾ ಬಯಲಿಗೆ ಹರಿಯುವ ನದಿ. 1958ರಲ್ಲೇ ಒಂದು ಒಡ್ಡು ಒಡೆದಿತ್ತು. ಅಲ್ಲಿ ಗಣಿ ತೋಡಿದ್ದು ಸೋವಿಯತ್ ಒಕ್ಕೂಟ. ಅದು 1991ರಲ್ಲಿ ಮುಗಿಯಿತು. ಚರಟ ಮಾತ್ರ ಇದೆ, ಹೊಣೆ ಒಂದು ಚಿಕ್ಕ ಬಡ ದೇಶದ ಹೆಗಲಿಗೆ ಬಿದ್ದಿದೆ. ಪೂರ್ವ ಜರ್ಮನಿಯ ವಿಸ್ಮುತ್ ಗಣಿಗಳದ್ದೂ ಇದೇ ಕತೆ. ಎರಡು ಲಕ್ಷ ಟನ್ನಿಗೂ ಹೆಚ್ಚು ಯುರೇನಿಯಂ ಸೋವಿಯತ್ತಿಗೆ ಹೋಯಿತು. 1990ರಲ್ಲಿ ಗಣಿ ನಿಂತಿತು, ಪೂರ್ವ ಜರ್ಮನಿಯೂ ಇಲ್ಲವಾಯಿತು. ಒಂದಾದ ಜರ್ಮನಿ ಶುಚಿಗೊಳಿಸಲು 1,300 ಕೋಟಿ ಮಾರ್ಕ್ ಎತ್ತಿಡಬೇಕಾಯಿತು. ಆ ಕೆಲಸ ಮೂರು ದಶಕ ದಾಟಿದೆ, ಗಣಿಯ ನೀರನ್ನು ಶುದ್ಧ ಮಾಡುವುದು ಇನ್ನೂ ನಡೆದೇ ಇದೆ.

ಕಂಪನಿಗಳ ಆಯುಷ್ಯ ಇನ್ನೂ ಕಡಿಮೆ. ಅಮೆರಿಕದ ಮೋಯಬ್ ಊರಿನಲ್ಲಿ ಕೊಲೊರಾಡೊ ನದಿಯಿಂದ ಕೂಗಳತೆಯಲ್ಲಿ 1 ಕೋಟಿ 60 ಲಕ್ಷ ಟನ್ ಚರಟ ಗುಡ್ಡೆ ಹಾಕಿದ್ದ ಕಂಪನಿ 1998ರಲ್ಲಿ ದಿವಾಳಿ ಎದ್ದಿತು. ಗುಡ್ಡೆ ಸರ್ಕಾರದ ಪಾಲಾಯಿತು. 2009ರಿಂದ ಅದನ್ನು ರೈಲಿಗೆ ಹೇರಿ ಸುಮಾರು 50 ಕಿಲೋಮೀಟರ್ ಆಚೆಯ ಹೊಂಡಕ್ಕೆ ಸಾಗಿಸಬೇಕಾಯಿತು. ಹಣ ತೆರಿಗೆ ಕಟ್ಟುವವರದ್ದು. ಆರಂಭದಲ್ಲೇ ನದಿಯಿಂದ ದೂರ ಹಾಕಿ ಎಂದು ಯಾರಾದರೂ ಷರತ್ತು ಬರೆದಿದ್ದರೆ ಅದಕ್ಕೆ ತಗಲುತ್ತಿದ್ದದ್ದು ಒಂದು ಸಾಲಿನ ಶಾಯಿ.

ಹಾಗಾಗಿ ಹಣದ ವಿಷಯದಲ್ಲಿ ಮುಲಾಜು ಬೇಡ. ಗಣಿ ಮುಚ್ಚುವ ಪೂರ್ತಿ ಖರ್ಚು ಮೊದಲ ಸಿಡಿಮದ್ದು ಸಿಡಿಯುವ ಮುನ್ನವೇ ಕಂಪನಿಯ ಕೈಗೆಟುಕದ ಖಾತೆಯಲ್ಲಿರಲಿ. ಕಂಪನಿ ತನಗೆ ತಾನೇ ಬರೆದುಕೊಡುವ ಖಾತರಿಪತ್ರ ಹಣವಲ್ಲ. ಸರ್ಕಾರಿ ಕಂಪನಿಯಾದರೆ ಸರ್ಕಾರವೇ ಇದೆಯಲ್ಲ ಎಂದು ರಿಯಾಯಿತಿ ಕೊಡುವ ರೂಢಿಯಿದೆ. ಮೈಲೂ-ಸೂ, ವಿಸ್ಮುತ್ ಎರಡರ ಹಿಂದೆಯೂ ಸರ್ಕಾರಗಳೇ ಇದ್ದವು. ಮೊತ್ತವನ್ನು ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಲೆಕ್ಕ ಹಾಕಿಸಿ, ಯಾಕೆಂದರೆ ಮುಚ್ಚುವ ಖರ್ಚಿನ ಅಂದಾಜು ಮೊದಲ ಸಲ ಸರಿಯಾಗುವುದು ಅಪರೂಪ. ಆಸ್ಟ್ರೇಲಿಯಾದ ರಮ್ ಜಂಗಲ್ ಗಣಿಯನ್ನು 1980ರ ದಶಕದಲ್ಲಿ ಹಣ ಸುರಿದು ದುರಸ್ತಿ ಮಾಡಿದರು. ಮುಚ್ಚಿದ ಹೊದಿಕೆ ಕೆಟ್ಟು, ಆಮ್ಲದ ನೀರು ಮತ್ತೆ ಜಿನುಗಿ, ಈಗ ಎರಡನೇ ಸಲ ದುರಸ್ತಿಗೆ ಇಳಿದಿದ್ದಾರೆ.

ಎಷ್ಟು ಕಾಲಕ್ಕೆ ಎಂದು ಯೋಜಿಸಬೇಕು? ಇಲ್ಲಿ ದೇಶಗಳ ನಡುವಿನ ವ್ಯತ್ಯಾಸ ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಅಮೆರಿಕದ ನಿಯಮದ ಪ್ರಕಾರ ಚರಟದ ಹೊದಿಕೆ ಸಾಧ್ಯವಾದಷ್ಟೂ 1,000 ವರ್ಷ, ಹೇಗಿದ್ದರೂ 200 ವರ್ಷ ಬಾಳಬೇಕು. ಕಾಕಡು ರಾಷ್ಟ್ರೀಯ ಉದ್ಯಾನದ ನಡುವಿನ ರೇಂಜರ್ ಗಣಿಗೆ ಆಸ್ಟ್ರೇಲಿಯಾ ಹಾಕಿದ ಷರತ್ತು 10,000 ವರ್ಷ. ಥೋರಿಯಂ ಎರಡನ್ನೂ ಓದಿಲ್ಲ. 10,000 ವರ್ಷವನ್ನು ಯಾರೂ ಪರೀಕ್ಷಿಸಿ ನೋಡಲಾರರು, ನಿಜ. ಆದರೆ ಆ ಷರತ್ತಿನಿಂದ ವಿನ್ಯಾಸ ಬದಲಾಗುತ್ತದೆ. 200 ವರ್ಷ ಎಂದರೆ ನೆಲದ ಮೇಲೆ ಒಡ್ಡು ಕಟ್ಟಿ ಮೇಲೊಂದು ಹೊದಿಕೆ ಹಾಕುವ ಯೋಚನೆ ಬರುತ್ತದೆ. 10,000 ಎಂದರೆ ಚರಟವನ್ನು ವಾಪಸ್ ನೆಲದೊಳಗೆ, ತೋಡಿದ ಹೊಂಡಕ್ಕೇ ಇಳಿಸಬೇಕಾಗುತ್ತದೆ. ಒಡ್ಡೇ ಇಲ್ಲದ ಮೇಲೆ ಒಡೆಯುವುದೇನು? ಹೊಸ ಗಣಿಗಳಿಗೆಲ್ಲ ಇದೇ ಮೊದಲ ಆಯ್ಕೆಯಾಗಲಿ. ಆಗದು ಎನ್ನುವವರು ಯಾಕೆ ಆಗದು ಎಂದು ಬರೆದುಕೊಡಲಿ.

ಈಗ ಜಗತ್ತಿನ ಯುರೇನಿಯಂನಲ್ಲಿ ಅರ್ಧಕ್ಕೂ ಹೆಚ್ಚು ಬರುವುದು ಗಣಿ ತೋಡದೆ, ನೆಲದೊಳಗೇ ದ್ರಾವಣ ಹರಿಸಿ ಯುರೇನಿಯಂ ಕರಗಿಸಿ ಮೇಲೆತ್ತುವ ವಿಧಾನದಿಂದ. ಚರಟದ ಗುಡ್ಡೆ ಇಲ್ಲ ಎಂಬುದು ಅದರ ಹೆಗ್ಗಳಿಕೆ. ಚೆಕ್ ದೇಶದ ಸ್ಟ್ರಾಜ್‌ನಲ್ಲಿ ಹೀಗೆ ನೆಲಕ್ಕೆ ಇಳಿಸಿದ ಗಂಧಕಾಮ್ಲ ಸುಮಾರು 40 ಲಕ್ಷ ಟನ್. 1996ರಲ್ಲಿ ತೆಗೆಯುವುದು ನಿಂತಿತು, ಅಂತರ್ಜಲ ತೊಳೆಯುವ ಕೆಲಸ ದಶಕಗಳಿಂದ ನಡೆದಿದೆ. ಕಣ್ಣಿಗೆ ಕಾಣದ ಚರಟಕ್ಕೆ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಬಾವಿಗಳನ್ನು ಕೊರೆದು ಕಾಯಬೇಕು, ಅಷ್ಟೇ ಹೇಳುತ್ತೇನೆ.

ಬಾವಿಗಳ ವಿಷಯದಲ್ಲಿ ಒಂದು ಜಗಳ ಎಲ್ಲ ಕಡೆ ಒಂದೇ ರೀತಿ ಮುಗಿಯುತ್ತದೆ. ಊರಿನವರು ನೀರಿನಲ್ಲಿ ಯುರೇನಿಯಂ ಹೆಚ್ಚಾಗಿದೆ ಎನ್ನುತ್ತಾರೆ. ಕಂಪನಿ, ಇಲ್ಲಿ ಅದಿರೇ ಇದೆ, ನೀರಿನಲ್ಲಿ ಮೊದಲಿನಿಂದಲೂ ಇತ್ತು ಎನ್ನುತ್ತದೆ. ಎರಡೂ ನಿಜವಿರಬಹುದು. ತೀರ್ಮಾನಿಸಲು ಗಣಿ ಬರುವ ಮುಂಚಿನ ಅಳತೆ ಬೇಕು. ಅದು ಇರುವುದಿಲ್ಲ, ಇದ್ದರೂ ಒಂದೇ ಬೇಸಿಗೆಯ ನಾಲ್ಕು ಮಾದರಿ ಇರುತ್ತದೆ. ಆದ್ದರಿಂದ ಅದಿರು ಹುಡುಕುವ ಮೊದಲ ಬೋರು ಕೊರೆಯುವ ಮುನ್ನವೇ ಸುತ್ತಲಿನ ಎಲ್ಲ ಬಾವಿ, ಹಳ್ಳ, ಮಣ್ಣು, ಮನೆಯೊಳಗಿನ ರೇಡಾನ್ ಅಳೆಯಿಸಿ. ಕನಿಷ್ಠ ಎರಡು ವರ್ಷದ ಎಲ್ಲ ಋತುಗಳಲ್ಲೂ ಅಳೆಯಿಸಿ. ಕಂಪನಿಯಿಂದ ಬೇಡ. ಅದರ ಖರ್ಚಿನಲ್ಲಿ, ನಿಮ್ಮ ಕೈಯಿಂದ. ಈ ಅಳತೆಯಿಂದ ಊರಿನವರಿಗಷ್ಟೇ ಅಲ್ಲ, ಪ್ರಾಮಾಣಿಕ ಕಂಪನಿಗೂ ಲಾಭವೇ.

ಆಮೇಲಿನ ಅಳತೆಗಳನ್ನು ಬಚ್ಚಿಡಬೇಡಿ. ವಾರ್ಷಿಕ ವರದಿಯಲ್ಲಿ 'ಮಿತಿಯೊಳಗೆ ಇದೆ' ಎಂಬ ಒಂದು ಸಾಲು ಬರುತ್ತದೆ. ವರ್ಷದ ಸರಾಸರಿಯಲ್ಲಿ ಒಂದು ರಾತ್ರಿಯ ಸೋರಿಕೆ ಕರಗಿ ಮಾಯವಾಗುತ್ತದೆ. ಪ್ರತಿ ಬಾವಿಯ ಪ್ರತಿ ಅಳತೆ, ಅಳೆದ ದಿನಾಂಕದ ಸಮೇತ, ಆ ಊರಿನವರ ಭಾಷೆಯಲ್ಲಿ ಪ್ರಕಟವಾಗಲಿ. ದೇಶದ ಭದ್ರತೆ ಎಂಬ ನೆಪ ಇಲ್ಲಿಗೆ ಸಲ್ಲದು. ಎಷ್ಟು ಟನ್ ಯೆಲ್ಲೋಕೇಕ್ ಆಯಿತು ಎಂಬುದು ಗುಟ್ಟಾಗಿರಲಿ ಬೇಕಾದರೆ; ಬಾವಿಯ ನೀರಿನಲ್ಲಿ ರೇಡಿಯಂ ಎಷ್ಟು ಎಂಬುದರಲ್ಲಿ ಶತ್ರುವಿಗೆ ಉಪಯೋಗವಾಗುವಂಥದ್ದು ಏನಿದೆ?

ಇದನ್ನು ಮಾಡಿ ತೋರಿಸಿದವರು ಇದ್ದಾರೆ. ರೇಂಜರ್ ಗಣಿಗೆ ಮುನ್ನ ನ್ಯಾಯಮೂರ್ತಿ ಫಾಕ್ಸ್ ವಿಚಾರಣೆ ನಡೆದು, ಅದರ ಶಿಫಾರಸಿನಂತೆ 1978ರಲ್ಲಿ 'ಸೂಪರ್‌ವೈಸಿಂಗ್ ಸೈಂಟಿಸ್ಟ್' ಎಂಬ ಹುದ್ದೆ ಸೃಷ್ಟಿಯಾಯಿತು. ಕಂಪನಿಗೂ ಪರವಾನಗಿ ಕೊಡುವವರಿಗೂ ಸೇರದ ವಿಜ್ಞಾನಿಗಳ ತಂಡ, ಗಣಿಯ ಸುತ್ತಲಿನ ನದಿಗಳನ್ನು ದಶಕಗಟ್ಟಲೆ ಕಾಯುವುದು ಅದರ ಕೆಲಸ. ಅಷ್ಟಿದ್ದೂ 2004ರಲ್ಲಿ ಅದೇ ಗಣಿಯಲ್ಲಿ ಘಟಕದ ಕೊಳೆ ನೀರಿನ ಪೈಪು ಕುಡಿಯುವ ನೀರಿನ ಪೈಪಿಗೆ ಸೇರಿಹೋಗಿ ಕೆಲಸಗಾರರು ಅದನ್ನೇ ಕುಡಿದರು, ಅದರಲ್ಲೇ ಸ್ನಾನ ಮಾಡಿದರು. ಆದರೆ ಆ ತಪ್ಪು ಮುಚ್ಚಿಹೋಗಲಿಲ್ಲ. ತನಿಖೆ ನಡೆಯಿತು, ವರದಿ ಬಂತು, ಕಂಪನಿ ನ್ಯಾಯಾಲಯದಲ್ಲಿ ದಂಡ ತೆತ್ತಿತು.

ಕೊನೆಗೆ ನಿಮ್ಮ ಕುರ್ಚಿಯ ಬಗ್ಗೆ. ಯುರೇನಿಯಂ ಬೇಕೆಂದು ಕೇಳುವ ಇಲಾಖೆಯ ಕೈಕೆಳಗೇ ನೀವು ಕೂತಿದ್ದರೆ ನಿಮ್ಮ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ನಿಮ್ಮ ಮುಂದಿನವರ ಬಗ್ಗೆ ನೀವು ಖಾತರಿ ಕೊಡಬಲ್ಲಿರಾ? ಅಣುಶಕ್ತಿಯನ್ನು ಬೆಳೆಸುವ ಕೆಲಸ, ಕಾಯುವ ಕೆಲಸ ಎರಡೂ ಒಂದೇ ಆಯೋಗದಲ್ಲಿ ಇರಕೂಡದು ಎಂದು ಅಮೆರಿಕ 1974ರ ಕಾಯ್ದೆಯಲ್ಲಿ ಅದನ್ನು ಒಡೆಯಿತು. ಭಾರತದಲ್ಲಿ 1983ರಲ್ಲಿ ಹುಟ್ಟಿದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸಾಕಷ್ಟು ಸ್ವಾತಂತ್ರ್ಯವಿಲ್ಲ ಎಂದು ಮಹಾಲೇಖಪಾಲರೇ 2012ರಲ್ಲಿ ಬರೆದರು. ಬೇರೆ ಹೆಸರು, ಬೇರೆ ನಾಮಫಲಕ ಸಾಲದು. ಸಂಬಳ ಎಲ್ಲಿಂದ ಬರುತ್ತದೆ, ವರದಿ ಯಾರಿಗೆ ಹೋಗುತ್ತದೆ, ಒಂದು ಘಟಕವನ್ನು ನಿಲ್ಲಿಸಿದ ಮರುದಿನ ಫೋನು ಯಾರಿಂದ ಬರುತ್ತದೆ ಎಂಬುದನ್ನು ನೋಡಬೇಕು.

ನೀವು ನಾಳೆಯೇ ಮಾಡಬಹುದಾದ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ವ್ಯಾಪ್ತಿಯಲ್ಲಿರುವ ಎಲ್ಲ ಚರಟದ ಕೊಳಗಳ, ಮುಚ್ಚಿದವು ಸೇರಿಸಿ, ಒಂದು ನಕ್ಷೆ ಮಾಡಿಸಿ. ಜಾಗ, ವಿಸ್ತಾರ, ಎಷ್ಟು ಟನ್, ಒಡ್ಡನ್ನು ಕೊನೆಯದಾಗಿ ಪರೀಕ್ಷಿಸಿದ ದಿನಾಂಕ, ಪರೀಕ್ಷಿಸಿದವರ ಹುದ್ದೆ, ಮುಚ್ಚಲು ಇಟ್ಟಿರುವ ಹಣ. ಅದರ ಒಂದು ಪ್ರತಿಯನ್ನು ಆಯಾ ಊರಿನ ಜಮೀನು ದಾಖಲೆಯ ಕಚೇರಿಗೆ ಕೊಡಿ, ಅಲ್ಲಿ ಜಾಗ ಕೊಳ್ಳುವವನ ಪಹಣಿಯಲ್ಲಿ ಅದು ಕಾಣುವಂತಿರಲಿ. ಗ್ರ್ಯಾಂಡ್ ಜಂಕ್ಷನ್ನಿನಲ್ಲಿ ಮನೆ ಕಟ್ಟಿದವರ ಕೈಯಲ್ಲಿ ಅಂಥದ್ದೊಂದು ಕಾಗದ ಇರಲಿಲ್ಲ. ಆ ನಕ್ಷೆ ಯಾವಾಗ ಪ್ರಕಟವಾಗುತ್ತದೆ ಎಂದು ತಿಳಿಸಿದರೆ ಉಪಕಾರ. ಆಗುವುದಿಲ್ಲ ಎಂದಾದರೆ ಯಾಕೆ ಎಂಬುದನ್ನೂ ಬಹಿರಂಗವಾಗಿಯೇ ಬರೆಯಿರಿ.

ಇತಿ,
ಒಬ್ಬ ನಾಗರಿಕ